ಬಟ್ಟೆ ಡಿಸೈನಿಗೆ ರಿಪೀಟ್ ಕೂರಿಸೋದು: ಅಳತೆಯಿಂದ ಹಿಡಿದು ಪ್ರಿಂಟ್ ಫೈಲ್ ತನಕ

ನೀವೀಗ ಹಾಕ್ಕೊಂಡಿರೋ ಪ್ರಿಂಟೆಡ್ ಶರ್ಟೋ ಚೂಡಿದಾರೋ, ಅದರಲ್ಲಿ ಒಂದು ಹೂವಿನ ಮೇಲೆ ಬೆರಳಿಟ್ಟು ಅದೇ ಹೂವು, ಅದೇ ಓರೆಯಲ್ಲಿ, ಪಕ್ಕದಲ್ಲಿ ಅದೇ ಎಲೆ ಇಟ್ಕೊಂಡು ಮತ್ತೆ ಎಲ್ಲಿ ಬರತ್ತೆ ಅಂತ ಹುಡುಕಿ. ಆ ಎರಡರ ಮಧ್ಯದ ದೂರವೇ ರಿಪೀಟ್. ಕಂಪ್ಯೂಟರಲ್ಲಿ ನಾವು ಮಾಡೋದು ಆ ಒಂದೇ ಒಂದು ತುಂಡು, ಅದಕ್ಕೆ ಟೈಲ್ ಅಂತಾರೆ, ಅದರ ನಾಲ್ಕೂ ಕಡೆ ಅದನ್ನೇ ತಂದಿಟ್ರೆ ಎಲ್ಲಿ ಜೋಡಿಸಿದಾರೆ ಅಂತ ಯಾರಿಗೂ ಕಾಣಬಾರ್ದು.

ಶುರುವಲ್ಲಿ ನಾನು ಎಲ್ಲಾರ ಹಾಗೇ ಉಲ್ಟಾ ಮಾಡ್ತಿದ್ದೆ, ಚಂದದ ಚಿತ್ರ ಬರೆದು ಮುಗಿಸಿ ಆಮೇಲೆ ಅಳತೆ ಯೋಚನೆ ಮಾಡೋದು. ಮೊದಲನೇ ಸಲ ಒಂದು ಪ್ರಿಂಟಿಂಗ್ ಯೂನಿಟ್ಟಿಗೆ ಫೈಲ್ ತಗೊಂಡು ಹೋದಾಗ ಅಲ್ಲಿನ ಮಾಸ್ಟರ್ ಚಿತ್ರ ನೋಡಲೇ ಇಲ್ಲ, "ರಿಪೀಟ್ ಎಷ್ಟಮ್ಮ?" ಅಂದ್ರು. 30 ಸೆಂಟಿಮೀಟರ್ ಅಂದೆ. "ನಮ್ದು ರೋಟರಿ, 30 ಎಲ್ಲಿ ಕೂರತ್ತೆ" ಅಂತ ಫೈಲ್ ವಾಪಸ್ ಕೊಟ್ರು. ಎರಡು ವಾರದ ಕೆಲಸ. ತಪ್ಪು ನಂದೇ, ಕೇಳಬೇಕಿತ್ತು, ಕೇಳಿರಲಿಲ್ಲ. ಅದಕ್ಕೇ ಈ ಗೈಡು ಅಳತೆಯಿಂದ ಶುರುವಾಗತ್ತೆ, ಬ್ರಷ್ ಹಿಡಿಯೋದು ಆಮೇಲೆ.

ಮೊದಲು ಮೆಷಿನ್ ಯಾವುದು ಅಂತ ಕೇಳಿ

ರೋಟರಿ ಸ್ಕ್ರೀನ್ ಅಂದ್ರೆ ಸಣ್ಣ ಸಣ್ಣ ತೂತಿರೋ ನಿಕ್ಕಲ್ ಕೊಳವೆ, ಒಳಗಡೆಯಿಂದ ಬಣ್ಣ ತಳ್ತಾ ಇರ್ತಾರೆ, ಕೊಳವೆ ಬಟ್ಟೆ ಮೇಲೆ ಉರುಳ್ತಾ ಹೋಗತ್ತೆ. ಕೊಳವೆ ಒಂದು ಸುತ್ತು ಸುತ್ತಿದ್ರೆ ಎಷ್ಟು ಉದ್ದ ಪ್ರಿಂಟ್ ಆಗತ್ತೋ ಅದೇ ನಿಮಗಿರೋ ಜಾಗ. ತುಂಬಾ ಕಡೆ ಬಳಕೆಯಲ್ಲಿರೋ ಕೊಳವೆಯ ಸುತ್ತಳತೆ 64 ಸೆಂಟಿಮೀಟರ್, ಬೇರೆ ಸೈಜೂ ಉಂಟು, ಅದಕ್ಕೇ ಕೇಳಿ ಅಂದಿದ್ದು. ಉದ್ದಕ್ಕೆ ನಿಮ್ಮ ರಿಪೀಟ್ ಈ 64ನ್ನ ಸರಿಯಾಗಿ ಭಾಗಿಸಬೇಕು: 64, 32, 16, 8. ಮೂರು ಭಾಗ ಮಾಡಿ 21.33 ಕೂಡ ಕೂರಿಸ್ತಾರೆ, ಆದ್ರೆ ಪಿಕ್ಸೆಲ್ ಲೆಕ್ಕದಲ್ಲಿ ಅದು ತಲೆನೋವು, ಹೊಸಬರು ಆ ಕಡೆ ಹೋಗ್ಬೇಡಿ. 30 ಸೆಂಟಿಮೀಟರ್ ಟೈಲ್ ಕೊಟ್ರೆ ಎರಡು ಸಲ ಬಂದು 4 ಸೆಂಟಿಮೀಟರ್ ಮಿಕ್ಕತ್ತೆ, ಕೊಳವೆಗೆ ತುದಿ ಅಂತ ಇಲ್ವಲ್ಲ, ಆ 4 ಎಲ್ಲಿಗೆ ಹೋಗ್ಬೇಕು?

ಅಡ್ಡಕ್ಕೆ ಇಷ್ಟು ಕಟ್ಟುನಿಟ್ಟಿಲ್ಲ, ಬಟ್ಟೆ ಅಗಲ 44 ಇಂಚೋ 58 ಇಂಚೋ ನೋಡ್ಕೊಂಡು ಇಟ್ರಾಯ್ತು. ಡಿಜಿಟಲ್ ಪ್ರಿಂಟ್ ಆದ್ರಂತೂ ಕೊಳವೆಯೇ ಇಲ್ಲ, ಯಾವ ಅಳತೆ ಕೊಟ್ರೂ ನಡೆಯತ್ತೆ. ಆದ್ರೂ ನಾನು ಡಿಜಿಟಲ್ಲಿಗೂ 32 ಸೆಂಟಿಮೀಟರ್ ಲೆಕ್ಕದಲ್ಲೇ ಮಾಡಿಡ್ತೀನಿ, ನಾಳೆ ಅದೇ ಡಿಸೈನ್ ಚೆನ್ನಾಗಿ ಓಡಿ ರೋಟರಿಗೆ ಹೋಗೋ ಹಾಗಾದ್ರೆ ಮತ್ತೆ ಒದ್ದಾಡೋದು ಬೇಡ ಅಂತ.

ಫೈಲ್ ತೆರೆಯೋ ಮುಂಚೆ ಒಂದು ಸಣ್ಣ ಲೆಕ್ಕ

ಯಾರನ್ನ ಕೇಳಿದ್ರೂ 300 ಡಿಪಿಐ, ಅಂದ್ರೆ ಇಂಚಿಗೆ 300 ಪಿಕ್ಸೆಲ್, ಇಡಿ ಅಂತಾರೆ. 32 ಸೆಂಟಿಮೀಟರನ್ನ 300 ಡಿಪಿಐಯಲ್ಲಿ ಪಿಕ್ಸೆಲ್ ಮಾಡಿ ನೋಡಿ, 3779.53 ಬರತ್ತೆ. ಅರ್ಧ ಪಿಕ್ಸೆಲ್ ಅಂತ ಒಂದು ಇಲ್ಲ, ಸಾಫ್ಟ್‌ವೇರ್ 3780 ಮಾಡತ್ತೆ, ಆಗ ಟೈಲ್ 32ಕ್ಕಿಂತ ಕೂದಲೆಳೆ ದೊಡ್ಡದು. ಆ ಕೂದಲೆಳೆ ಬಟ್ಟೆ ಮೇಲೆ ಕಾಣಲ್ಲ ನಿಜ, ಆದ್ರೆ ಯೂನಿಟ್ಟಿನವರು ಅದನ್ನ ಸರಿಯಾಗಿ 32ಕ್ಕೆ ಕೂರಿಸೋಕೆ ಫೈಲನ್ನ ಮತ್ತೆ ಎಳೀತಾರೆ, ಎಳೆದಾಗ ಟೈಲಿನ ಅಂಚಿನ ಪಿಕ್ಸೆಲ್‌ಗಳು ಮಸುಕಾಗ್ತವೆ, ಜೋಡಿಸಿದಾಗ ಅಲ್ಲಿ ತೆಳ್ಳಗೆ ಒಂದು ಗೆರೆ.

ಇದಕ್ಕೆ ನಾನು ಮಾಡೋದು 254 ಡಿಪಿಐ. ಒಂದು ಇಂಚು ಅಂದ್ರೆ 2.54 ಸೆಂಟಿಮೀಟರ್, ಹಾಗಾಗಿ 254 ಇಟ್ರೆ ಒಂದು ಸೆಂಟಿಮೀಟರಿಗೆ ಸರಿಯಾಗಿ 100 ಪಿಕ್ಸೆಲ್. 32 ಸೆಂಟಿಮೀಟರಿಗೆ 3200, 16ಕ್ಕೆ 1600, ಕ್ಯಾಲ್ಕುಲೇಟರೇ ಬೇಡ. ಲ್ಯಾಪ್‌ಟಾಪ್ ಹಳೇದಾಗಿ ತೆವಳ್ತಾ ಇದ್ರೆ 127 ಇಡಿ, ಸೆಂಟಿಮೀಟರಿಗೆ 50 ಪಿಕ್ಸೆಲ್, ಮೆತ್ತಗಿನ ವಾಟರ್ ಕಲರ್ ತರದ ಡಿಸೈನಿಗೆ ಅದೂ ಸಾಕಾಗತ್ತೆ. ಇನ್ನೊಂದು, ಅಗಲ ಎತ್ತರ ಎರಡೂ ಸಮಸಂಖ್ಯೆ ಇರ್ಲಿ, ಮುಂದೆ ಅರ್ಧ ಮಾಡೋದಿದೆ.

ಉದಾಹರಣೆಗೆ ಒಂದು ಮಲ್ಲಿಗೆ ಬಳ್ಳಿ ಡಿಸೈನ್ ಇಟ್ಕೊಳ್ಳೋಣ, ಕುರ್ತಾ ಬಟ್ಟೆಗೆ, 32 × 32 ಟೈಲ್. ಚಿತ್ರ ಬರಿಯೋಕೆ ಕ್ರಿಟಾ, ಜೋಡಣೆಗೆ ಗಿಂಪ್. ಎರಡೂ ಫ್ರೀ. ಫೋಟೋಶಾಪ್ ಇರೋರಿಗೂ ಕೊನೆಯಲ್ಲಿ ಹೇಳ್ತೀನಿ.

ಬರಿಯೋದು

ಕ್ರಿಟಾದಲ್ಲಿ ಹೊಸ ಫೈಲ್, 3200 × 3200 ಪಿಕ್ಸೆಲ್, ರೆಸಲ್ಯೂಶನ್ 254. ಕೆಳಗಿನ ಲೇಯರಲ್ಲಿ ಬರೀ ನೆಲದ ಬಣ್ಣ ತುಂಬಿ, ಚಿತ್ರಕ್ಕೆ ಅದರ ಮೇಲೆ ಬೇರೆ ಲೇಯರ್, ನೆಲಕ್ಕೂ ಚಿತ್ರಕ್ಕೂ ಒಂದೇ ಲೇಯರ್ ಮಾಡ್ಕೊಂಡ್ರೆ ಆಮೇಲೆ ಅಳ್ಬೇಕಾಗತ್ತೆ. ಈಗ ಕೀಬೋರ್ಡಲ್ಲಿ ಡಬ್ಲ್ಯೂ ಒತ್ತಿ. ರ‍್ಯಾಪ್ ಅರೌಂಡ್ ಮೋಡ್ ಆನ್ ಆಗಿ ನಿಮ್ಮ ಟೈಲ್ ಸ್ಕ್ರೀನ್ ತುಂಬಾ ಹರಡ್ಕೊಳ್ಳತ್ತೆ, ಬಲಗಡೆ ಅಂಚು ದಾಟಿ ಎಲೆ ಬರೆದ್ರೆ ಅದರ ತುದಿ ತಾನೇ ಎಡಗಡೆಯಿಂದ ಬರತ್ತೆ. ಮೊದಲ ಸಲ ನೋಡ್ದಾಗ ನಾನು ಅರ್ಧ ಗಂಟೆ ಸುಮ್ನೆ ಗೀಚಿದ್ದೆ, ಅಷ್ಟು ಮಜಾ. ಸೇವ್ ಮಾಡಿದ್ರೆ ಸೇವ್ ಆಗೋದು ಒಂದೇ ಟೈಲ್, ಭಯ ಬೇಡ.

ಮೊದಲು ದೊಡ್ಡ ಗೊಂಚಲು. ಅದನ್ನ ಟೈಲಿನ ನಟ್ಟನಡುವೆ ಇಡ್ಬೇಡಿ, ಬೇಕಂತಲೇ ಒಂದು ಅಂಚನ್ನ ದಾಟ್ಸಿ. ಎಲ್ಲಾ ಹೂವನ್ನೂ ಅಂಚಿಂದ ಒಳಗೇ ಜೋಪಾನವಾಗಿ ಇಟ್ರೆ, ಬಟ್ಟೆ ಮೇಲೆ ಟೈಲ್ ಟೈಲಿನ ಮಧ್ಯೆ ಖಾಲಿ ಪಟ್ಟಿ ಕಾಣತ್ತೆ, ಬಚ್ಚಲುಮನೆ ಟೈಲ್ಸ್ ಮಧ್ಯೆ ಸಿಮೆಂಟ್ ಗೆರೆ ಕಂಡ ಹಾಗೆ. ಹೊಸಬರ ಡಿಸೈನ್ ಅಂತ ದೂರದಿಂದಲೇ ಗೊತ್ತಾಗೋದು ಇದರಿಂದ. ದೊಡ್ಡ ಗೊಂಚಲು ಒಂದೋ ಎರಡೋ ಸಾಕು, ಸಣ್ಣ ಮೊಗ್ಗು, ಎಲೆ ಆಮೇಲೆ, ಈಗ್ಲೇ ಪೂರ್ತಿ ತುಂಬಿಸ್ಬೇಡಿ, ಯಾಕಂದ್ರೆ ಅರ್ಧ ಚಿತ್ರ ಇನ್ನೂ ಬರೋದಿದೆ.

ಹಾಫ್ ಡ್ರಾಪ್, ಒಂದೇ ಬಟನ್ನಲ್ಲಿ

ಟೈಲನ್ನ ಸುಮ್ನೆ ಚೌಕಚೌಕವಾಗಿ ಪಕ್ಕಪಕ್ಕ ಇಟ್ರೆ ಅದು ಸ್ಟ್ರೈಟ್ ರಿಪೀಟ್. ಚೆಕ್ಸಿಗೆ, ಸಣ್ಣ ಚುಕ್ಕೆಗೆ ಅದೇ ಸರಿ. ಹೂವಿಗೆ ಬೇಡ, ಗೊಂಚಲೆಲ್ಲಾ ಶಾಲೆ ಪ್ರೇಯರ್‌ಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತ್ಬಿಡ್ತವೆ. ಹಾಫ್ ಡ್ರಾಪಲ್ಲಿ ಪಕ್ಕದ ಕಂಬ ಅರ್ಧ ರಿಪೀಟಿನಷ್ಟು ಕೆಳಗಿಳಿಯತ್ತೆ. ಬ್ರಿಕ್ ಅಂದ್ರೆ ಇಟ್ಟಿಗೆ ಗೋಡೆ, ಮೇಲಿನ ಸಾಲು ಅರ್ಧದಷ್ಟು ಪಕ್ಕಕ್ಕೆ ಸರಿಯತ್ತೆ. ಇವೆರಡೂ ಬೇರೆ ಬೇರೆ ಅಂತ ಎಲ್ಲಾ ಕಡೆ ಹೇಳಿಕೊಡ್ತಾರೆ, ಆದ್ರೆ ಪೇಪರ್ ಮೇಲೆ ಚುಕ್ಕೆ ಇಟ್ಟು ನೋಡಿ, ಅರ್ಧ ಜಾರಿಸಿದಾಗ ಎರಡರ ಚುಕ್ಕೆ ಜಾಲರಿ ಒಂದೇ! ರಂಗೋಲಿ ಹಾಕೋರಿಗೆ ಥಟ್ ಅಂತ ಹೊಳೆಯತ್ತೆ, ನಮ್ಮ ಎಡೆಚುಕ್ಕಿ ಇದೇ ಅಲ್ವಾ. ಕಂಬವಾಗಿ ಓದಿದ್ರೆ ಹಾಫ್ ಡ್ರಾಪ್, ಸಾಲಾಗಿ ಓದಿದ್ರೆ ಬ್ರಿಕ್, ಹೂವು ಉದ್ದುದ್ದ ಇದ್ರೆ ಒಂದು ತರ ಕಾಣತ್ತೆ, ಅಡ್ಡಡ್ಡ ಇದ್ರೆ ಇನ್ನೊಂದು ತರ.

ಇದರಿಂದ ಕೆಲಸ ಎಷ್ಟು ಸಲೀಸು ನೋಡಿ. ಕ್ರಿಟಾ ಫೈಲನ್ನ ಗಿಂಪ್‌ನಲ್ಲಿ ತೆರೆಯೋ ಹಾಗೆ ಪಿಎಸ್‌ಡಿ ಆಗಿ ಎಕ್ಸ್‌ಪೋರ್ಟ್ ಮಾಡಿ, ಗಿಂಪ್‌ನಲ್ಲಿ ಚಿತ್ರದ ಲೇಯರ್ ಆರಿಸಿ, ಲೇಯರ್ ಮೆನುವಿನಲ್ಲಿ ಲೇಯರ್ ಟು ಇಮೇಜ್ ಸೈಜ್ ಒತ್ತಿ. ಇದನ್ನ ಮರೀಬೇಡಿ ಮಾರಾಯ್ರೆ, ಲೇಯರ್ ಟೈಲಿಗಿಂತ ಚಿಕ್ಕದಿದ್ರೆ ಚಿತ್ರ ಲೇಯರಿನ ಅಂಚಲ್ಲೇ ಸುತ್ಕೊಂಡು ಎಲ್ಲಾ ಎಡವಟ್ಟಾಗತ್ತೆ, ಯಾಕೆ ಅಂತಲೂ ಗೊತ್ತಾಗಲ್ಲ. ಆಮೇಲೆ ಆ ಲೇಯರಿನ ಡೂಪ್ಲಿಕೇಟ್ ತೆಗೆದು, ಲೇಯರ್, ಟ್ರಾನ್ಸ್‌ಫಾರ್ಮ್, ಆಫ್‌ಸೆಟ್. ಅಲ್ಲಿ ರ‍್ಯಾಪ್ ಅರೌಂಡ್ ಆರಿಸಿ, ಅಗಲದ ಅರ್ಧ ಎತ್ತರದ ಅರ್ಧ ಜಾರಿಸೋ ಬಟನ್ ಇರತ್ತೆ, ಅದನ್ನ ಒತ್ತಿ. 1600 ಬಲಕ್ಕೆ, 1600 ಕೆಳಕ್ಕೆ. ಮುಗೀತು, ಇದೇ ಹಾಫ್ ಡ್ರಾಪ್. ಪ್ರತಿ ಕಂಬ 16 ಸೆಂಟಿಮೀಟರ್ ಅಗಲ, 32 ಎತ್ತರ.

ಈಗ ನಿಜವಾದ ಖಾಲಿ ಜಾಗ ಯಾವುದು ಅಂತ ಕಾಣತ್ತೆ. ಡೂಪ್ಲಿಕೇಟಿನ ಒಪಾಸಿಟಿ 40ಕ್ಕೆ ಇಳಿಸಿ, ಮೂಲ ಲೇಯರಲ್ಲೇ ಎಲೆ ಮೊಗ್ಗು ಸೇರಿಸ್ತಾ ಹೋಗಿ. ಮಸುಕಾಗಿ ಕಾಣೋದರ ಮೇಲೆ ಅಪ್ಪಿತಪ್ಪಿಯೂ ಬರೀಬೇಡಿ, ಅದು ಬಿಸಾಕೋ ಲೇಯರ್. ಸ್ವಲ್ಪ ತುಂಬಿಸಿದ ಮೇಲೆ ಹಳೇ ಡೂಪ್ಲಿಕೇಟ್ ಡಿಲೀಟ್ ಮಾಡಿ ಹೊಸದು ತೆಗೆದು ಮತ್ತೆ ಜಾರಿಸಿ. ನನಗೆ ಒಂದು ಡಿಸೈನಿಗೆ ನಾಲ್ಕೈದು ಸುತ್ತು ಬೇಕಾಗತ್ತೆ. ಕೊನೇ ಸುತ್ತಿನ ಡೂಪ್ಲಿಕೇಟನ್ನ ಮಾತ್ರ ಬಿಸಾಕ್ಬೇಡಿ, ಒಪಾಸಿಟಿ 100ಕ್ಕೆ ಏರಿಸಿ ಇಟ್ಕೊಳ್ಳಿ, ಎರಡೂ ಸೇರಿದ್ದೇ ಪೂರ್ತಿ ಟೈಲ್. ಬೇಜಾರು ಅನ್ಸತ್ತೆ, ಆದ್ರೆ ಒಂದೇ ಸಲ ತುಂಬಿಸೋಕೆ ಹೋದ್ರೆ ಎಲೆ ಮೇಲೆ ಎಲೆ ಹತ್ತಿ ಕೂರತ್ತೆ.

ಸಾಲು ಬಿದ್ದಿದೆಯಾ ನೋಡೋದು

ಇಲ್ಲಿ ಆತುರ ಮಾಡೋರೇ ಜಾಸ್ತಿ, ನನ್ನ ಪ್ರಕಾರ ಅರ್ಧ ಕೆಲಸ ಇರೋದೇ ಇಲ್ಲಿ. ಒಂದು ಟೈಲ್ ನೋಡಿ ಡಿಸೈನ್ ಚೆನ್ನಾಗಿದೆ ಅನ್ನೋದು, ಒಂದು ಅಗುಳು ನೋಡಿ ಅನ್ನ ಬೆಂದಿದೆ ಅಂದ ಹಾಗಲ್ಲ, ಇಲ್ಲಿ ಆ ಗಾದೆ ನಡೆಯಲ್ಲ. ಟೈಲಿನ ಕಾಪಿಯನ್ನ 800 ಪಿಕ್ಸೆಲ್ಲಿಗೆ ಚಿಕ್ಕದು ಮಾಡಿ, ಫಿಲ್ಟರ್ಸ್, ಮ್ಯಾಪ್, ಟೈಲ್ ಅಂತ ಹೋಗಿ 2400 × 2400 ಕೊಡಿ, ಮೂರಕ್ಕೆ ಮೂರು ಬರತ್ತೆ. ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ, ಕುರ್ಚಿ ಬಿಟ್ಟೆದ್ದು ಬಾಗಿಲ ಹತ್ರ ನಿಂತು ಕಣ್ಣು ಕಿರಿದು ಮಾಡಿ ನೋಡಿ. ಆಗ ಹೂವು ಕಾಣಲ್ಲ, ಹೂವಿನ ಮಧ್ಯೆ ಓಡೋ ಖಾಲಿ ಗಲ್ಲಿಗಳು ಕಾಣ್ತವೆ, ಗಾಢವಾದ ಎಲೆಗಳು ಗೆರೆ ಎಳೆದ ಹಾಗೆ ಓರೆಯಾಗಿ ಸಾಲು ಹಿಡಿದಿರ್ತವೆ. ಹಾಫ್ ಡ್ರಾಪ್ ಅಡ್ಡ ಸಾಲನ್ನ ಮುರಿಯತ್ತೆ ಸರಿ, ಆದ್ರೆ ಓರೆ ಸಾಲು ಹುಟ್ಟೋದು ಅದರಿಂದಲೇ.

ಸರಿ ಮಾಡೋದು ಹೇಗೆ ಅಂದ್ರೆ ಗಲ್ಲಿಗೆ ಅಡ್ಡಲಾಗಿ ಒಂದು ಎಲೆ ಚಾಚಿಸಿ, ಸಾಲು ಹಿಡಿದ ಮೊಗ್ಗನ್ನ 15-20 ಡಿಗ್ರಿ ತಿರುಗಿಸಿ, ಇಲ್ಲಾ ಅದರ ಬಣ್ಣ ಒಂದು ಮೆಟ್ಟಿಲು ತಿಳಿ ಮಾಡಿ. ಎಲ್ಲಾ ಕಡೆ ಒಂದೇ ಸಮ ತುಂಬಿಸಿದ್ರೆ ಸಾಲು ಹೋಗತ್ತೆ ಅಂತ ಕೆಲವರು ತುಂಬಿಸ್ತಾರೆ, ಸಾಲೂ ಹೋಗತ್ತೆ, ಉಸಿರೂ ಹೋಗತ್ತೆ.

ಇನ್ನೊಂದು, ಹೂವಿನ ತಲೆಯೆಲ್ಲಾ ಮೇಲ್ಮುಖ ಇದ್ರೆ ಅದು ಒನ್ ವೇ ಪ್ರಿಂಟ್. ಟೈಲರ್ ಕತ್ತರಿಸುವಾಗ ತೋಳು, ಮುಂಭಾಗ, ಹಿಂಭಾಗ ಎಲ್ಲಾನೂ ಒಂದೇ ದಿಕ್ಕಲ್ಲಿ ಇಡ್ಬೇಕು, ಬಟ್ಟೆ ಜಾಸ್ತಿ ಹೋಗತ್ತೆ, ಎಡವಿದ್ರೆ ಒಂದು ತೋಳಲ್ಲಿ ಮಲ್ಲಿಗೆ ಶೀರ್ಷಾಸನ. ಮೀಟರ್ ಲೆಕ್ಕದಲ್ಲಿ ಮಾರೋ ಬಟ್ಟೆಗೆ ಅರ್ಧ ಹೂವನ್ನ ತಲೆಕೆಳಗು ಮಾಡಿಡೋದು ಒಳ್ಳೇದು.

ಸ್ಕ್ರೀನ್ ಮೇಲೆ ಸೈಜ್ ಅಂದಾಜು ಸಿಗಲ್ಲ, ಜೂಮ್ ಮೋಸ ಮಾಡತ್ತೆ. ಟೈಲಿನ ಒಂದು ಭಾಗವನ್ನ ಎ4ನಲ್ಲಿ ನೂರಕ್ಕೆ ನೂರು ಸೈಜಲ್ಲಿ ಪ್ರಿಂಟ್ ತೆಗೆದು ಎದೆಗೆ ಹಿಡ್ಕೊಂಡು ಕನ್ನಡಿ ಮುಂದೆ ನಿಂತ್ಕೊಳ್ಳಿ. ಪರದೆ ಬಟ್ಟೆಗೆ ಸರಿಹೋಗೋ ಗೊಂಚಲು ಬ್ಲೌಸಿಗೆ ರಾಕ್ಷಸನ ಹಾಗೆ ಕಾಣತ್ತೆ.

ಜೋಡಣೆ ಗೆರೆ ಯಾಕೆ ಬರತ್ತೆ

ಎಲ್ಲಾ ಸರಿ ಮಾಡಿದ್ರೂ ಕೆಲವು ಸಲ ತೆಳು ಬಿಳಿ ಗೆರೆ ಉಳಿಯತ್ತೆ. ಸಾಮಾನ್ಯವಾಗಿ ಕಾರಣ ಇವೇ. ಟೈಲ್ ಮಾಡಿದ ಮೇಲೆ ಸೈಜ್ ಬದಲಾಯಿಸಿದ್ದು, ಬ್ಲರ್ ಕೊಟ್ಟಿದ್ದು, ಜೆಪೆಗ್‌ನಲ್ಲಿ ಸೇವ್ ಮಾಡಿದ್ದು. ಬ್ಲರ್ ಫಿಲ್ಟರಿಗೆ ಟೈಲಿನ ಆಚೆ ಏನಿದೆ ಅಂತ ಗೊತ್ತಿರಲ್ಲ, ಅಂಚಲ್ಲಿ ಏನೋ ಊಹೆ ಮಾಡ್ಕೊಂಡು ಮಸುಕು ಮಾಡತ್ತೆ, ಎಡ ಬಲ ಹೊಂದಲ್ಲ. ಬ್ಲರೋ ಟೆಕ್ಸ್ಚರೋ ಬೇಕೇ ಬೇಕು ಅಂದ್ರೆ ಮೂರಕ್ಕೆ ಮೂರು ದೊಡ್ಡ ಫೈಲ್ ಮಾಡಿ, ಅದಕ್ಕೆ ಬ್ಲರ್ ಕೊಟ್ಟು, ಮಧ್ಯದ ಟೈಲನ್ನ ಮಾತ್ರ ಸರಿಯಾಗಿ 3200 × 3200 ಕತ್ತರಿಸ್ಕೊಳ್ಳಿ. ಸೈಜ್ ಬದಲಾಯಿಸೋದಕ್ಕೂ ಇದೇ ಉಪಾಯ.

ವಾಟರ್ ಕಲರ್ ನೆಲವನ್ನ ಸ್ಕ್ಯಾನ್ ಮಾಡಿ ಹಾಕೋರಿಗೆ ಹಳೇ ವಿಧಾನ ಒಂದಿದೆ, ಅದೇ ಆಫ್‌ಸೆಟ್ಟನ್ನ ನೆಲದ ಲೇಯರಿಗೆ ಕೊಡಿ, ಅಂಚುಗಳೆಲ್ಲಾ ಮಧ್ಯಕ್ಕೆ ಬಂದು ಕೂಡಿಸೋ ಚಿಹ್ನೆ ತರ ಕಾಣ್ತವೆ, ಆ ಗೆರೆ ಮೇಲೆ ಕ್ಲೋನ್ ಟೂಲೋ ಹೀಲ್ ಟೂಲೋ ಹಿಡಿದು ತೇಪೆ ಹಾಕಿ. ಹೊರ ಅಂಚು ಮುಟ್ಬೇಡಿ, ಅದು ಈಗ ಸರಿಯಾಗಿದೆ.

ಬೇರೆ ಸಾಫ್ಟ್‌ವೇರ್ ಇದ್ರೆ

ಫೋಟೋಶಾಪಲ್ಲಿ ಆಫ್‌ಸೆಟ್ ಇರೋದು ಫಿಲ್ಟರ್, ಅದರ್ ಕೆಳಗೆ. 2021ರ ಆವೃತ್ತಿಯಿಂದ ವ್ಯೂ ಮೆನುವಲ್ಲಿ ಪ್ಯಾಟರ್ನ್ ಪ್ರಿವ್ಯೂ ಬಂದಿದೆ, ಕ್ರಿಟಾದ ಡಬ್ಲ್ಯೂ ಹಾಗೇ. ಮೋಟಿಫನ್ನ, ಅಂದ್ರೆ ಒಂದು ಹೂವನ್ನೋ ಗೊಂಚಲನ್ನೋ, ಸ್ಮಾರ್ಟ್ ಆಬ್ಜೆಕ್ಟ್ ಮಾಡಿ ಕಾಪಿ ಮಾಡಿದ್ರೆ ಒಂದನ್ನ ತಿದ್ದಿದಾಗ ಎಲ್ಲಾ ತಿದ್ದಿಹೋಗತ್ತೆ, ಡೂಪ್ಲಿಕೇಟ್ ಬಿಸಾಕೋ ಕಾಟ ತಪ್ಪತ್ತೆ. ಇಲಸ್ಟ್ರೇಟರಲ್ಲಿ ಸಿಎಸ್6ನಿಂದ ಆಬ್ಜೆಕ್ಟ್, ಪ್ಯಾಟರ್ನ್, ಮೇಕ್ ಇದೆ, ಟೈಲ್ ಟೈಪಲ್ಲಿ ಬ್ರಿಕ್ ಬೈ ಕಾಲಮ್ ಅಂದ್ರೆ ನಮ್ಮ ಹಾಫ್ ಡ್ರಾಪು.

ಇಂಕ್‌ಸ್ಕೇಪಲ್ಲಿ ಎಡಿಟ್, ಕ್ಲೋನ್, ಕ್ರಿಯೇಟ್ ಟೈಲ್ಡ್ ಕ್ಲೋನ್ಸ್. ಮೊದಲು ಟೈಲಿನ ಅಳತೆಗೆ ಔಟ್‌ಲೈನ್ ಇಲ್ಲದ ಒಂದು ಚೌಕ ಬರೆದು ಮೋಟಿಫ್ ಜೊತೆ ಗ್ರೂಪ್ ಮಾಡಿ, ಸಾಫ್ಟ್‌ವೇರ್ ಆ ಚೌಕದ ಅಳತೆಯನ್ನೇ ರಿಪೀಟ್ ಅಂತ ಹಿಡಿಯತ್ತೆ. ಮೋಟಿಫ್ ಚೌಕದಿಂದ ಆಚೆ ಬರಬಾರ್ದು, ಬಂದ್ರೆ ಅಳತೆ ತಪ್ಪತ್ತೆ. ಶಿಫ್ಟ್ ಟ್ಯಾಬಲ್ಲಿ ಕಾಲಮ್ಮಿಗೆ ವೈ 50 ಪರ್ಸೆಂಟ್, ಆಲ್ಟರ್ನೇಟ್ ಟಿಕ್. ಸಿಮೆಟ್ರಿ ಟ್ಯಾಬಲ್ಲಿ 17 ಆಯ್ಕೆ ಕಾಣ್ತವೆ, ಅದ್ಯಾಕೆ 17 ಅಂದ್ರೆ ಸಮತಲದಲ್ಲಿ ಎರಡೂ ದಿಕ್ಕಿಗೆ ರಿಪೀಟ್ ಆಗೋ ವಿನ್ಯಾಸಗಳ ಸಿಮೆಟ್ರಿ ಇರೋದೇ 17 ಬಗೆ, ರಷ್ಯಾದ ಫೆದೊರೊವ್ 1891ರಲ್ಲೇ ಸಾಬೀತು ಮಾಡಿಟ್ಟಿದ್ದು. ಹೂವಿನ ಡಿಸೈನಿಗೆ ಮೊದಲನೇದು ಸಾಕು, ಉಳಿದಿದ್ದನ್ನ ಭಾನುವಾರ ಆಟಕ್ಕೆ ಇಟ್ಕೊಳ್ಳಿ.

ಬಣ್ಣ, ಫೈಲ್

ಸ್ಕ್ರೀನ್ ಪ್ರಿಂಟ್ ಆದ್ರೆ ಒಂದು ಬಣ್ಣಕ್ಕೆ ಒಂದು ಸ್ಕ್ರೀನ್, ಬಣ್ಣ ಹೆಚ್ಚಾದಷ್ಟೂ ಖರ್ಚು. ಎಷ್ಟು ಬಣ್ಣ ಅಂತ ಕೇಳ್ಕೊಂಡು ಗಿಂಪ್‌ನಲ್ಲಿ ಇಮೇಜ್, ಮೋಡ್, ಇಂಡೆಕ್ಸ್ಡ್ ಹೋಗಿ ಅಷ್ಟೇ ಬಣ್ಣಕ್ಕೆ ಇಳಿಸಿ, ಡಿಥರಿಂಗ್ (ಚುಕ್ಕೆ ಬೆರೆಸಿ ನಡುವಿನ ಬಣ್ಣ ತೋರಿಸೋದು) ಬೇಡ. ಸಾಫ್ಟ್ ಬ್ರಷ್ಷಲ್ಲಿ ಬರೆದಿದ್ರೆ ಹೂವಿನ ಅಂಚು ಇಲ್ಲಿ ಕಚ್ಚಿಕೊಂಡ ಹಾಗೆ ಆಗತ್ತೆ, ಅದಕ್ಕೇ ಸ್ಕ್ರೀನ್ ಕೆಲಸಕ್ಕೆ ಮೊದಲಿಂದಲೇ ಗಟ್ಟಿ ಅಂಚಿನ ಬ್ರಷ್. ಡಿಜಿಟಲ್ಲಿಗೆ ಈ ಗೋಳಿಲ್ಲ. ಟಿಫ್ ಇಲ್ಲಾ ಪಿಎನ್‌ಜಿ ಕೊಡಿ. ಫೈಲ್ ಹೆಸರಲ್ಲೇ ಅಳತೆ, ಡಿಪಿಐ ಬರೀರಿ, ಟೈಲ್ ಜೊತೆ ಮೂರಕ್ಕೆ ಮೂರು ಪ್ರಿವ್ಯೂ ಕೂಡ ಕಳಿಸಿ. ಹಾಫ್ ಡ್ರಾಪನ್ನ ನೀವೇ ಟೈಲೊಳಗೆ ಕೂರಿಸಿದೀರಿ, ಹಾಗಾಗಿ "ಇದನ್ನ ಸ್ಟ್ರೈಟ್ ಆಗಿ ಜೋಡ್ಸಿ" ಅಂತ ಬರೆದು ಹೇಳಿ, ಇಲ್ದಿದ್ರೆ ಅವರೂ ಒಂದು ಸಲ ಅರ್ಧ ಇಳಿಸ್ತಾರೆ.

ಮಗ್ಗಕ್ಕೆ ಮಾಡೋದಾದ್ರೆ ಲೆಕ್ಕವೇ ಬೇರೆ

ಇದುವರೆಗೂ ಹೇಳಿದ್ದು ಪ್ರಿಂಟಿಗೆ. ದೊಡ್ಡಬಳ್ಳಾಪುರದ ಕಡೆ ಪವರ್‌ಲೂಮ್ ಇಟ್ಟಿರೋರು, ಜಕಾರ್ಡಲ್ಲಿ (ಉದ್ದದ ದಾರಗಳನ್ನ ಬೇಕಾದ ಹಾಗೆ ಎತ್ತಿ ಚಿತ್ರ ನೇಯೋ ಸಾಧನ) ಬುಟ್ಟಾ ಎತ್ತೋರು ಸೆಂಟಿಮೀಟರ್ ಮಾತಾಡಲ್ಲ, ದಾರ ಮಾತಾಡ್ತಾರೆ. ಒಂದು ಪಿಕ್ಸೆಲ್ ಅಂದ್ರೆ ಒಂದು ಹಾಸು (ಉದ್ದದ) ದಾರ ಒಂದು ಹೊಕ್ಕು (ಅಡ್ಡದ) ದಾರ ಸೇರೋ ಜಾಗ. ಕಸೂತಿ ಹಾಕೋ ಅಜ್ಜಿಯರು ಟ್ರೇಸಿಂಗ್ ಇಲ್ದೇ ಎಳೆ ಎಣಿಸ್ಕೊಂಡೇ ಗೋಪುರ ಎತ್ತಲ್ವಾ, ಅದೇ ಲೆಕ್ಕ.

ಮೆಷಿನ್ನಲ್ಲಿ ಹಾಸು ದಾರ ಎತ್ತೋ 240 ಹುಕ್ ಇದೆ, ಹಾಸು ಇಂಚಿಗೆ 80 ದಾರ ಅಂತಿಟ್ಕೊಳ್ಳಿ, ಒಂದು ಹುಕ್ಕಿಗೆ ರಿಪೀಟಲ್ಲಿ ಒಂದು ದಾರ ಆದ್ರೆ ರಿಪೀಟ್ ಅಗಲ 3 ಇಂಚು, ಅದಕ್ಕಿಂತ ದೊಡ್ಡದು ಆಗಲ್ಲ. ಹೊಕ್ಕು ಇಂಚಿಗೆ 60 ಇದ್ರೆ 3 ಇಂಚು ಎತ್ತರಕ್ಕೆ 180 ಸಾಲು. ಅಂದ್ರೆ ಬಟ್ಟೆ ಮೇಲೆ ದುಂಡಗೆ ಬರಬೇಕಾದ ಬುಟ್ಟಾ ನಿಮ್ಮ ಫೈಲಲ್ಲಿ 240 × 180, ಅಡ್ಡಕ್ಕೆ ಉಬ್ಬಿದ ಹಾಗೆ ಕಾಣತ್ತೆ. ಕಣ್ಣಿಗೆ ಸರಿಯಾಗ್ಲಿ ಅಂತ ದುಂಡಗೆ ಬರೆದ್ರೆ ಬಟ್ಟೆ ಮೇಲೆ ಮೊಟ್ಟೆ. ಗಿಂಪ್‌ನಲ್ಲಿ ಎಕ್ಸ್ ರೆಸಲ್ಯೂಶನ್ 80, ವೈ ರೆಸಲ್ಯೂಶನ್ 60 ಅಂತ ಬೇರೆ ಬೇರೆ ಕೊಟ್ಟು, ವ್ಯೂ ಮೆನುವಲ್ಲಿ ಡಾಟ್ ಫಾರ್ ಡಾಟ್ ಟಿಕ್ ತೆಗೆದ್ರೆ ಬಟ್ಟೆ ಮೇಲೆ ಬರೋ ಆಕಾರವೇ ಸ್ಕ್ರೀನ್ ಮೇಲೂ ಕಾಣತ್ತೆ. ಜಕಾರ್ಡ್ ಸಾಫ್ಟ್‌ವೇರಲ್ಲಿ ಇದಕ್ಕೆ ಬೇರೆ ಸೆಟ್ಟಿಂಗೇ ಇರತ್ತೆ.

ಆಮೇಲೆ ನೇಯ್ಗೆ. 8 ಎಳೆ ಸ್ಯಾಟಿನ್ (8 ದಾರಕ್ಕೊಮ್ಮೆ ಮರುಕಳಿಸೋ ನೇಯ್ಗೆ) ಹಾಕೋದಾದ್ರೆ ರಿಪೀಟಿನ ಅಗಲವೂ ಎತ್ತರವೂ 8ರಿಂದ ಭಾಗ ಆಗ್ಬೇಕು. 240 ಆಗತ್ತೆ, 180 ಆಗಲ್ಲ, 184 ಮಾಡ್ಬೇಕು. 5 ಎಳೆ ಸ್ಯಾಟಿನ್ ಆದ್ರೆ 240, 180 ಎರಡೂ ಸರಿ. ದೊಡ್ಡ ಎಲೆಕ್ಟ್ರಾನಿಕ್ ಜಕಾರ್ಡಿನ 1344 ಹುಕ್ 8ಕ್ಕೆ ಸಲೀಸಾಗಿ ಹೋಗತ್ತೆ, 5ಕ್ಕೆ ಹೋಗಲ್ಲ, ಅಲ್ಲಿ 4 ಹುಕ್ ಖಾಲಿ ಬಿಟ್ಟು 1340 ಬಳಸ್ಬೇಕು. ಇದನ್ನ ನೋಡದೇ ಮಾಡಿದ್ರೆ ಪ್ರತಿ ರಿಪೀಟ್ ಸೇರೋ ಕಡೆ ಉದ್ದಕ್ಕೂ ಒಂದು ಗೀರು ಕಾಣತ್ತೆ, ಬುಟ್ಟಾ ಎಷ್ಟೇ ಚೆನ್ನಾಗಿರ್ಲಿ.

ಕೊನೇದಾಗಿ ಫ್ಲೋಟ್, ಅಂದ್ರೆ ಮಧ್ಯೆ ಎಲ್ಲೂ ಕಟ್ಟಿಲ್ಲದೇ ಬಟ್ಟೆ ಮೇಲೆ ತೇಲೋ ದಾರ. ಟೈಲಿನ ಬಲ ಅಂಚಲ್ಲಿ ಜರಿ 4 ದಾರ ಕಟ್ಟಿಲ್ಲದೇ ಹೋಗಿದೆ, ಎಡ ಅಂಚಲ್ಲಿ 5, ಎರಡನ್ನೂ ಬೇರೆ ಬೇರೆ ನೋಡಿದ್ರೆ ಪರವಾಗಿಲ್ಲ ಅನ್ಸತ್ತೆ, ರಿಪೀಟಲ್ಲಿ ಸೇರಿದಾಗ 9 ದಾರದ ಫ್ಲೋಟ್, ಇಂಚಿಗೆ 80 ದಾರದ ಲೆಕ್ಕದಲ್ಲಿ ಅಗಲಕ್ಕೆ ಸುಮಾರು ಒಂಬತ್ತರಲ್ಲಿ ಒಂದು ಇಂಚು ಅಷ್ಟೇ ನಿಜ, ಆದ್ರೆ ದಾರ ವಿರಳ ಇರೋ ಬಟ್ಟೆಯಲ್ಲಿ ಇಷ್ಟೇ ಸಾಕು, ಉಟ್ಟೋರ ಬಳೆಗೆ ಸಿಕ್ಕಿ ಎಳೆ ಕಿತ್ತು ಬರತ್ತೆ. ಅದಕ್ಕೇ ಕಾರ್ಡ್ ಪಂಚಿಂಗಿಗೆ ಕಳಿಸೋ ಮುಂಚೆ ಇಲ್ಲೂ ಅದೇ ಆಫ್‌ಸೆಟ್, ಅಗಲದ ಅರ್ಧ, ಎತ್ತರದ ಅರ್ಧ, ಅಂಚನ್ನ ಮಧ್ಯಕ್ಕೆ ತಂದು ಜೂಮ್ ಮಾಡಿ ಒಂದೊಂದು ಸಾಲಲ್ಲೂ ಬಿಡಿ ದಾರ ಎಣಿಸಿ, ಉದ್ದ ಆದ ಕಡೆ ಮಧ್ಯೆ ಒಂದು ಕಟ್ಟು ಪಿಕ್ಸೆಲ್ ಹಾಕಿ.